ಗುಂಡಿಗೊಂದು ಲಕೋಟೆ, ತಂಗಿಗೆ?

ಮಾನ್ಯ ನ್ಯಾಯಾಧೀಶರೇ,

ನಾವು ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಮನೆಯ ವಿಳಾಸವನ್ನು ತಮ್ಮ ನ್ಯಾಯಾಲಯವೇ ಆರೋಪಿಯ ಕಿವಿಗೆ ಹಾಕಿತು. ನನ್ನ ದೂರು ಇಷ್ಟೇ. ತಮ್ಮನ್ನು ಕೆಣಕುವ ಧೈರ್ಯ ನನಗಿಲ್ಲ. ಹೆದರಿಕೆ ತಡೆಯಲಾರದೆ ಬರೆಯುತ್ತಿದ್ದೇನೆ.

ನಾನು ದರ್ಜಿ. ತಂಗಿ ಔಷಧಿ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಮೇಲ್ವಿಚಾರಕ ಅವಳನ್ನು ಸರಕಿನ ಕೋಣೆಯಲ್ಲಿ ಕೂಡಿಹಾಕಿ ಮೈಮೇಲೆ ಬಿದ್ದ. ಬಿಡಿಸಿಕೊಂಡು ಓಡಿಬಂದವಳ ಮುಷ್ಟಿಯಲ್ಲಿ ಅವನ ಶರಟಿನ ಗುಂಡಿಯೊಂದಿತ್ತು. ಅವನಿಗೆ ಜಾಮೀನು ಸಿಕ್ಕ ವಾರವೇ ನಾವು ಮನೆ ಬದಲಿಸಿದೆವು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ. ಹೊರಗೆ ಬೋರ್ಡು ಹಾಕಲಿಲ್ಲ, ನೆಂಟರಿಗೂ ವಿಳಾಸ ಕೊಡಲಿಲ್ಲ.

ಕಳೆದ ಸೋಮವಾರ ತಂಗಿ ಕಟಕಟೆ ಹತ್ತಿದಳು. ಸಾಕ್ಷಿ ಹೇಳುವವರು ಮೊದಲು ಹೆಸರು, ವಯಸ್ಸು, ವಾಸಸ್ಥಳ ಹೇಳಬೇಕಂತೆ, ಅದು ಪದ್ಧತಿ. ಅವಳು ತಡವರಿಸಿದಳು. "ಬರ್ಕೊಳ್ಳೋರಿಗೆ ಕೇಳ್ಬೇಕಲ್ಲಮ್ಮ, ಜೋರಾಗಿ ಹೇಳಿ" ಎಂದರು ಗುಮಾಸ್ತರು. "ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಹೇಳೇ, ಏನನ್ನೂ ನುಂಗ್ಬೇಡ" ಎಂದು ಬೆಳಿಗ್ಗೆ ಬುದ್ಧಿ ಹೇಳಿದವಳು ನಾನೇ. ಮನೆ ಸಂಖ್ಯೆ, ಓಣಿ, ಮಹಡಿ, ಎಲ್ಲ ಹೇಳಿದಳು. ನಾನೂ ಸಾಕ್ಷಿಯಾದ್ದರಿಂದ ಹೊರಗೆ ಕೂತಿದ್ದೆ, ನನಗೇ ಕೇಳಿಸಿತು. ಅವನು ಒಳಗೆ ಅವಳಿಂದ ನಾಲ್ಕು ಮಾರು ದೂರದಲ್ಲಿದ್ದ.

ಆಮೇಲೆ ಸಾಕ್ಷ್ಯವಾಗಿದ್ದ ಗುಂಡಿಯ ಸರದಿ, ತಂಗಿ ಹೊರಗೆ ಬಂದು ಹೇಳಿದಳು. ಅದಕ್ಕೇನು ರಾಜಮರ್ಯಾದೆ! ಲಕೋಟೆ, ಅರಗಿನ ಮುದ್ರೆ, ಬೀಗ ಹಾಕಿದ ಪೆಟ್ಟಿಗೆ. ಪಾಪ, ಗುಂಡಿಗೆ ಏನಾದರೂ ಆಗಿಬಿಟ್ಟರೆ? ನನ್ನ ತಂಗಿಗೆ ಏನಾದರೂ ಆದರೆ ಯಾವ ಪೆಟ್ಟಿಗೆ ತೆರೆಯುತ್ತೀರಿ?

ಗುರುವಾರ ಮಧ್ಯಾಹ್ನ ಅವನು ನನ್ನ ಬಾಗಿಲಲ್ಲಿ ನಿಂತಿದ್ದ. ಶರಟೊಂದನ್ನು ಮೇಜಿನ ಮೇಲಿಟ್ಟ. "ಒಂದು ಗುಂಡಿ ಹೋಗಿದೆ ಅಕ್ಕಾ, ಹಾಕಿಡಿ. ಅರ್ಜೆಂಟೇನಿಲ್ಲ, ನಾನು ಬರ್ತಾ ಇರ್ತೀನಿ." ಒಳಗಿದ್ದ ತಂಗಿಗೆ ಆ ದನಿ ಕೇಳಿಸಿದೆ. ಈಗ ನಾನು ಊಟಕ್ಕೆ ಕರೆದರೂ "ನೀನೇನಾ?" ಎಂದು ಎರಡು ಸಲ ಕೇಳಿ ಚಿಲಕ ತೆಗೆಯುತ್ತಾಳೆ.

ಠಾಣೆಗೆ ಓಡಿದೆ. ತಂಗಿಯ ಬಳಿ ಸುಳಿಯಬಾರದು ಎಂಬುದು ಜಾಮೀನಿನ ಷರತ್ತಲ್ಲವೇ ಎಂದೆ. "ಅವನು ಬಂದಿದ್ದು ಟೈಲರ್ ಹತ್ರ ಕಣಮ್ಮಾ" ಎಂದರು. ಎಂಥ ಸೂಕ್ಷ್ಮ ನ್ಯಾಯ! ತಮ್ಮ ಮುಂದಿನ ತಾರೀಖಿಗೆ ಇನ್ನೂ ಏಳು ವಾರವಿದೆ. ಅವನಿಗೆ ತಾರೀಖು ಬೇಕಿಲ್ಲ.

ಅವನ ಜಾಮೀನನ್ನು ಇಂದೇ ರದ್ದುಮಾಡಿ. ಇನ್ನು ಮುಂದೆ ಇಂಥ ಹೆಣ್ಣುಮಕ್ಕಳ ವಿಳಾಸವನ್ನು ಚೀಟಿಯಲ್ಲಿ ಬರೆಸಿಕೊಂಡು, ಗುಂಡಿಗೆ ಹಾಕಿದ ಅದೇ ಮುದ್ರೆ ಹಾಕಿಡಿ. ಮುಂದಿನ ಸಾಕ್ಷಿ ನಾನು. ಅಷ್ಟರಲ್ಲಿ ಇನ್ನೊಂದು ಮನೆ ಹುಡುಕಿರುತ್ತೇವೆ. "ಜೋರಾಗಿ ಹೇಳಿ" ಎಂದರೆ ನಾನು ಬಾಯಿ ಬಿಡುವುದಿಲ್ಲ. ನ್ಯಾಯಾಂಗ ನಿಂದನೆಯೆಂದು ಜೈಲಿಗೆ ಹಾಕುವುದಾದರೆ ಹಾಕಿ, ಅಲ್ಲಿಗಂತೂ ಅವನು ಶರಟು ತರಲಾರ. ಆದರೆ ತಂಗಿ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಸ್ವಾಮೀ.

ಇಂತಿ,
ಗುಂಡಿ ಹಾಕದೆ ಕೂತಿರುವ ಒಬ್ಬ ದರ್ಜಿ
ವಿಳಾಸ: ಆರೋಪಿಯನ್ನು ಕೇಳಿದರೆ ಹೇಳುತ್ತಾನೆ.