ವಿರೂಪಾಕ್ಷ ಹೊಸಕೇರಿಯವರ ನಾಟಕದ ಬಗ್ಗೆ ತೀರ್ಪು

ಗದಗ
ಕ್ರಿ.ಶ. 2319, ಹದಿಮೂರನೆಯ ತಿಂಗಳ ಮೂವತ್ತಮೂರನೆಯ ದಿನ

ರಂಗನಿರ್ದೇಶಕ ಶ್ರೀ ವಿರೂಪಾಕ್ಷ ಹೊಸಕೇರಿಯವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ನಿಮ್ಮ ಸಂದರ್ಶನಗಳಿಂದ ಕಲಿತೆ. ಹಾಗಾಗಿ 'ನಾನು' ಎಂಬ ಪದ ಹೆಚ್ಚಾಗಿ ಬರಬಹುದು. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ನಿಮ್ಮ ಕೈಸೇರುತ್ತದೆ.

ನಮ್ಮೂರಿನ ಉಳಿಕೆಮನೆಯಲ್ಲಿ ಹಳೆಯ ಕಾಲದ ಸಿನಿಮಾ, ನಾಟಕ, ಹಾಡುಗಳನ್ನು ಕಾದಿಟ್ಟಿದ್ದೇವೆ. ಜಾಗ ಸಾಲುತ್ತಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಮೂರನ್ನು ನೋಡಿ, ಹೆಚ್ಚೆಂದರೆ ಒಂದನ್ನು ಉಳಿಸುತ್ತೇವೆ. ಹದಿನೈದು ಮನೆಗಳಿಂದ ಒಬ್ಬೊಬ್ಬರು ಬಂದು ಕೂರುತ್ತಾರೆ, ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಅಳಿಸಿದ್ದು ಮತ್ತೆಲ್ಲೂ ಸಿಗುವುದಿಲ್ಲ, ಮಾಡಿದವರ ಹೆಸರೂ ಅದರ ಜೊತೆಗೇ ಹೋಗುತ್ತದೆ. ಈ ಸಲ ತೀರ್ಪು ಬರೆದು ತಿಳಿಸುವ ಕೆಲಸ ನನ್ನದು. ಸುಳ್ಳೇಕೆ ಹೇಳಲಿ, ನನಗೆ ಈ ಕೆಲಸ ಬಹಳ ಇಷ್ಟ.

ಮೊದಲನೆಯದು ನಿಮ್ಮ ಕಾಲದ ಒಂದು ಸಿನಿಮಾ. ನಾಯಕ ಕಾರಿನಿಂದ ಇಳಿಯಲು ನಾಲ್ಕು ನಿಮಿಷ ತೆಗೆದುಕೊಂಡ. ಮಂಡಿನೋವಿನ ಮನುಷ್ಯನ ಕಥೆ ಇರಬೇಕೆಂದು ನಾವು ಮರುಗಿದೆವು. ಮರುಕ್ಷಣವೇ ಅವನು ಅರವತ್ತು ಮಂದಿಯನ್ನು ಹೊಡೆದು ಬೀಳಿಸಿದ. ಅಳಿಸಿದೆವು. ಎರಡನೆಯದು ಬೆಂಗಳೂರಿನ ಯಾವುದೋ ಮಾಲ್‌ನ ತೆರೆಯ ಮೇಲೆ ತೋರಿಸಿದ ಇಟಲಿಯ ಹಾಡುನಾಟಕ, ನೀವು ಆಪೆರಾ ಎನ್ನುತ್ತೀರಿ. ಚೂರಿಯ ಇರಿತ ತಿಂದವನು ಇಪ್ಪತ್ತು ನಿಮಿಷ ಹಾಡಿ ಸತ್ತ. ದನಿ ದೊಡ್ಡದು, ಸಂಕಟ ಚಿಕ್ಕದು. ಅದನ್ನೂ ಅಳಿಸಿದೆವು.

ಮೂರನೆಯದು ನಿಮ್ಮದು. ನಿಮಗಿಂತ ಎಂಬತ್ತು ವರ್ಷ ಹಿಂದಿನ ಕಂಪನಿ ನಾಟಕವನ್ನು ಮತ್ತೆ ರಂಗಕ್ಕೆ ತಂದಿರಿ, ರಾಜನ ಪಾತ್ರವನ್ನೂ ನೀವೇ ಹಾಕಿದಿರಿ. ಕಿರೀಟಕ್ಕಿಂತ ಮೊದಲು ಹೊಟ್ಟೆ ರಂಗಪ್ರವೇಶ ಮಾಡಿತು. ಆದರೆ ಐದೇ ನಿಮಿಷದಲ್ಲಿ ನಾವೆಲ್ಲ ನೆಟ್ಟಗೆ ಕೂತೆವು. ನಿಮ್ಮ ಪ್ರತಿ ಮಾತಿಗೂ ಮುಂಚೆ, ಪರದೆಯ ಹಿಂದಿನಿಂದ ಒಬ್ಬ ಹೆಂಗಸಿನ ಮೆಲುದನಿ ಅದೇ ಮಾತನ್ನು ಆಡುತ್ತಿತ್ತು. ಆಕೆ ರಾಜನ ತೀರಿಕೊಂಡ ತಾಯಿ ಎಂದುಕೊಂಡೆವು. ಮಗ ಬಾಯಿ ತೆರೆಯುವ ಮೊದಲೇ ಅವನ ದುಃಖ ತಿಳಿದವಳು. ರಾಜಕುಮಾರನ ಹೆಣದ ಮುಂದೆ ನೀವು ಅರ್ಧ ನಿಮಿಷ ಸುಮ್ಮನೆ ನಿಂತಿರಿ. ಆ ದನಿ ಒಂದೇ ಸಾಲನ್ನು ಮೂರು ಸಲ ಹೇಳಿತು, ಮೂರನೆಯ ಸಲ ನಡುಗಿತು. ಹದಿನೈದು ಮಂದಿಯೂ ಅತ್ತೆವು. ನನ್ನ ಸೋದರತ್ತೆ ಗಂಗವ್ವ ತಡೆಯಲಾರದೆ, "ಆಕೀನ್ನ ಯಾಕ ಒಳಗ ಕುಂದರಿಸ್ಯಾರ? ಹೊರಗ ಕರೀರಿ, ಮಾರಿ ನೋಡೂಣು" ಎಂದಳು.

ಆಮೇಲೆ ನಿಮ್ಮ ಕಾಲದ ಕಾಗದಪತ್ರಗಳನ್ನು ಓದಿದೆ. ಪರದೆಯ ಹಿಂದೆ ಕೂತು ಮಾತು ಎತ್ತಿಕೊಡುವವರನ್ನು ಪ್ರಾಂಪ್ಟರ್ ಎನ್ನುತ್ತಿದ್ದರಂತೆ. ಅಂದರೆ ನೀವು ಮಾತು ಕಲಿತೇ ಇರಲಿಲ್ಲ. ಆ ಅರ್ಧ ನಿಮಿಷವನ್ನು ಪತ್ರಿಕೆಗಳು 'ಮೌನದ ಅಭಿನಯ' ಎಂದು ಹೊಗಳಿದವು. ಅದರ ಹಿಂದಿನ ಚಿಂತನೆಯನ್ನು ನೀವು ಎರಡು ಪುಟ ವಿವರಿಸಿದಿರಿ. ನಾಚಿಕೆ ನಿಮ್ಮ ಬೀದಿಯಲ್ಲೂ ಸುಳಿದಿರಲಿಕ್ಕಿಲ್ಲ. ನಾಟಕದ ಕರಪತ್ರದಲ್ಲಿ ನಲವತ್ತೊಂದು ಹೆಸರುಗಳಿವೆ, ಚಹಾ ತಂದವನದೂ ಇದೆ. ಆಕೆಯದಿಲ್ಲ.

ತೀರ್ಪು ಹೀಗಿದೆ. ನಿಮ್ಮ ಚಿತ್ರ, ನಿಮ್ಮ ದನಿ, ನಿಮ್ಮ ಹೆಸರು ಮೂರನ್ನೂ ಅಳಿಸಿ, ಆಕೆಯ ದನಿಯನ್ನು ಮಾತ್ರ ಉಳಿಸಿದ್ದೇವೆ. ನಾಟಕಕ್ಕೆ ಯಾವ ಕೊರತೆಯೂ ಆಗಿಲ್ಲ, ಒಂದು ಮಾತೂ ತಪ್ಪಿಲ್ಲ.

ಹಿಂದಂಚೆಯಲ್ಲಿ ನಿಮ್ಮ ಉತ್ತರಕ್ಕೆ ಒಂದು ಸಾಲಿನ ಜಾಗವಿದೆ. ವಾದ ಬೇಡ, ಆಕೆಯ ಹೆಸರನ್ನು ಬರೆದು ಕಳುಹಿಸಿ. ನೆನಪಾಗದಿದ್ದರೆ ಆಕೆಯನ್ನೇ ಕೇಳಿ, ಇಷ್ಟು ದಿನವೂ ನಿಮಗೆ ಆಕೆಯೇ ಹೇಳಿಕೊಟ್ಟದ್ದು.

ಇತಿ,
ಚಂಪಕಾ ಬೆಳವಟಗಿ
ಉಳಿಕೆಮನೆಯ ಈ ವರ್ಷದ ತೀರ್ಪುಗಾರ್ತಿ