ಫೋಟೋ ಪತ್ರಿಕೆಯ ಚಂದಾ

ನವೆಂಬರ್ ೧೨, ಬುಧವಾರ, ಮುರ್ಡೇಶ್ವರ

ಫೋಟೋಗ್ರಫಿ ಪತ್ರಿಕೆಯ ಚಂದಾ ಈ ತಿಂಗಳಿಗೆ ಮುಗಿಯುತ್ತದೆ. ಮತ್ತೆ ಕಟ್ಟಬೇಕೋ ಬೇಡವೋ ಎಂದು ವಾರದಿಂದ ಯೋಚಿಸುತ್ತಿದ್ದೆ. ಇವತ್ತು ಕುಮಟೆಯ ಕಣ್ಣಿನ ಡಾಕ್ಟರು, ಈಗಾಗಲೇ ಹೋದ ಎಡಗಣ್ಣಿನಂತೆ ಬಲಗಣ್ಣೂ ವರ್ಷದೊಳಗೆ ಹೋಗುತ್ತದೆ ಎಂದರು. ಇಪ್ಪತ್ತೆಂಟು ವರ್ಷ ಸಮುದ್ರದ ದಂಡೆಯಲ್ಲಿ ಪ್ರವಾಸಿಗರ ಫೋಟೋ ತೆಗೆದು ಬದುಕಿದವನು ನಾನು.

ಬಸ್ಸಿನಲ್ಲಿ ಹೆಂಡತಿ ಮಾಲಿನಿ, ಮದುವೆಯಾದ ಹೊಸತರಲ್ಲಿದ್ದಂತೆ, ನನ್ನ ಕೈ ಹಿಡಿದೇ ಕೂತಿದ್ದಳು.

"ಪತ್ರಿಕೆ ಇನ್ನೆಂತಕ್ಕೆ?" ಎಂದೆ.

"ಬರ್ಲಿ. ನಾ ಓದಿ ಹೇಳ್ತೆ."

"ಫೋಟೋ ಓದೂಕೆ ಆಗ್ತದಾ?"

ಮನೆಗೆ ಬಂದವಳೇ ಹಳೆಯ ಸಂಚಿಕೆ ಬಿಡಿಸಿ, ನನ್ನ ಕಣ್ಣು ಮುಚ್ಚಿಸಿ, "ಒಬ್ಳು ಅಜ್ಜಿ ಬಾಗ್ಲಲ್ಲಿ ಕೂತಿದ್ದಾಳೆ" ಎಂದಳು.

"ಬೆಳಕು ಯಾವ ಬದಿಯಿಂದ ಬಿದ್ದದೆ?"

ಹುಡುಕಿದಳು. ಗೊತ್ತಾಗದೆ ಅತ್ತುಬಿಟ್ಟಳು.

ಚಂದಾ ಕಟ್ಟುತ್ತೇನೆ. ಕಣ್ಣಿರುವಷ್ಟು ದಿನ ಒಂದೊಂದು ಚಿತ್ರವನ್ನೂ ಅವಳ ಜೊತೆ ಕೂತು ನೋಡಬೇಕು, ಬೆಳಕು ಗುರುತಿಸುವುದನ್ನು ಕಲಿಸಬೇಕು. ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತ ನಾನು ಕಣ್ಣಿಲ್ಲದೆಯೂ ಫೋಟೋ ನೋಡುತ್ತೇನೆ.