ಟೀಯಲ್ಲಿ ಅದ್ದಿದ ಟೇಬಲ್ ಕ್ಲಾತ್

ಮೇ ೧೧, ಭಾನುವಾರ

ಟೀ ವಿಷಯ ಇಲ್ಲೂ ಬರೆಯದೆ ಬಿಡುವವಳಿದ್ದೆ. ಪೆನ್ನು ಮುಚ್ಚಿಟ್ಟು, ಒಗೆದ ಬಟ್ಟೆ ಮಡಿಚಿ, ಮತ್ತೆ ಬಂದು ಕೂತಿದ್ದೇನೆ. ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಡುವುದಾದರೆ ಬರೆಯುವುದಾದರೂ ಏಕೆ?

ಬರೆಯುತ್ತೇನೆ. ಟೇಬಲ್ ಕ್ಲಾತ್ ಮೇಲೆ ಈ ಸಲವೂ ಟೀ ತಾನಾಗಿ ಚೆಲ್ಲಲಿಲ್ಲ. ನಾನೇ ಅದ್ದಿದೆ. ಕೇಕ್ ಬೇಯಿಸುವ ದೊಡ್ಡ ಟ್ರೇ, ಎಂಟು ಟೀ ಬ್ಯಾಗ್, ಒಂದು ಚಿಟಿಕೆ ಉಪ್ಪು, ನಲವತ್ತು ನಿಮಿಷ. ಅಮ್ಮ ವಾಕಿಂಗ್ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಟ್ರೇ ತೊಳೆದು ಬೋರಲು ಹಾಕಿದ್ದೆ.

ಎರಡು ವರ್ಷದ ಹಿಂದೆ ಅಮ್ಮ ನಮ್ಮ ಮನೆಗೆ ಬಂದಾಗ ಎರಡು ಸೂಟ್‌ಕೇಸ್ ತಂದಳು. ಒಂದರ ತುಂಬ ಅವಳೇ ಹೆಣೆದ ಕ್ರೋಶಾ. ಬಂದ ಮೇಲೂ ಕೈ ನಿಲ್ಲಿಸಲಿಲ್ಲ. ಸೋಫಾಕ್ಕೆ ಕವರ್, ಟಿ.ವಿ.ಗೆ ಕವರ್, ಮಿಕ್ಸಿಗೂ ಕವರ್. "ಇನ್ನು ಮೈ ಮುಚ್ಚದೆ ಉಳಿದಿರೋದು ನಾನೊಬ್ಬಳೇ," ಎಂದಿದ್ದಳು ನನ್ನ ಮಗಳು. ಆನ್‌ಲೈನ್ ಹರಾಜಿಗೆ ಹಾಕೋಣ ಎಂದವಳು ನಾನು. ಮೊದಲು ಇದ್ದದ್ದು ಇದ್ದ ಹಾಗೇ ಬರೆದೆ: ಹೊಸದು, ಕೈಯಲ್ಲಿ ಹೆಣೆದದ್ದು, ಹೆಣೆದವರು ನನ್ನ ತಾಯಿ. ಏಳು ದಿನ. ಒಬ್ಬರೂ ಕೂಗಲಿಲ್ಲ. ಮತ್ತೆ ಹಾಕಿದೆ. ಮತ್ತೆ ಏಳು ದಿನ.

ಆಮೇಲೆ ಒಂದರ ಮೇಲೆ ಅಮ್ಮನ ಕೈಯಿಂದಲೇ ಟೀ ಕಪ್ ಜಾರಿತು. ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. "ಹಳೆಯದು" ಎಂದು ಬರೆದು ಹಾಕಿದೆ. ಹನ್ನೊಂದು ಬಿಡ್. ಎಲ್ಲರೂ ಹೊರದೇಶದವರು.

ಮುಂದಿನದಕ್ಕೆ "ಮುತ್ತಜ್ಜಿಯ ಕೈಕೆಲಸ" ಎಂದು ಟೈಪ್ ಮಾಡಿದೆ. ಬೆರಳು ತಡವರಿಸಲೂ ಇಲ್ಲ.

ಇದು ನಾಲ್ಕನೆಯದು. ಇವತ್ತು ಮಧ್ಯಾಹ್ನ ಮುಗಿಯಿತು — ಹತ್ತೊಂಬತ್ತು ಬಿಡ್. ಕೊನೆಯ ನಿಮಿಷದಲ್ಲಿ ಇಬ್ಬರು ಪೈಪೋಟಿಗೆ ಬಿದ್ದರು. ಖುಷಿಯಾಯಿತು. ಅದನ್ನೂ ಬರೆಯಬೇಕು.

ಅಮ್ಮ ಪಕ್ಕದಲ್ಲೇ ಕೂತಿದ್ದಳು. ಇಂಗ್ಲಿಷ್ ಬಾರದು. ಪರದೆಯನ್ನಲ್ಲ, ನನ್ನ ಮುಖ ನೋಡುತ್ತಿದ್ದಳು.

"ಏನಂದ್ರೇ? ಇಷ್ಟ ಆಯ್ತಂತಾ?"

"ತುಂಬಾ ಇಷ್ಟ ಆಯ್ತಂತೆ."

"ಅಂಚಿನ ಬಗ್ಗೆ ಏನಾದ್ರೂ ಅಂದ್ರಾ? ಮೂರು ಸಲ ಬಿಚ್ಚಿ ಹಾಕಿದೀನಿ ಕಣೇ ಅದನ್ನ."

"ಅಂಚು ತುಂಬಾ ಚೆನ್ನಾಗಿದೆ ಅಂದ್ರು."

ಅಂಚಿನ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಅಲ್ಲಿಗೆ ಇನ್ನೊಂದು ಸುಳ್ಳು.

ಮೇ ೧೪, ಬುಧವಾರ

ಊಟದ ಬಿಡುವಿನಲ್ಲಿ ಪೋಸ್ಟ್ ಆಫೀಸ್. ಕಸ್ಟಮ್ಸ್ ಫಾರಂ. ಒಳಗೇನಿದೆ? "ಬಳಸಿದ ಮನೆಬಟ್ಟೆ." ಎಷ್ಟು ಹಳೆಯದು? ನೂರು ವರ್ಷ ಎಂದರೆ ಅನುಮತಿ ಪತ್ರ ಕೇಳುತ್ತಾರೆ. "ಎರಡು ವರ್ಷ" ಎಂದು ಬರೆದೆ.

ಕೌಂಟರಿನಾತ ಪಾರ್ಸೆಲ್ ತಿರುಗಿಸಿ ನೋಡಿದ. "ಏನ್ ಮೇಡಂ, ಹಳೇ ಬಟ್ಟೆಗೆ ಇಷ್ಟೊಂದು ಉಪಚಾರ? ನಮ್ಮನೇಲೂ ಒಂದು ಮೂಟೆ ಇದೆ. ಬೇಕಾ ಅಂತ ಕೇಳಿ ಅವರನ್ನ."

ನಕ್ಕೆ. ಹರಾಜಿನ ಪುಟದಲ್ಲಿ ನೂರು ವರ್ಷ, ಫಾರಂನಲ್ಲಿ ಎರಡು. ಅಮ್ಮ ಶುರು ಮಾಡಿದ್ದು ಈ ಮಾರ್ಚ್‌ನಲ್ಲಿ, ಮುಗಿಸಿದ್ದು ಏಪ್ರಿಲ್ ಕೊನೆಗೆ.

ವಾಪಸ್ ಲ್ಯಾಬಿಗೆ ಹೋಗಿ ನಲವತ್ತಾರು ರಕ್ತಪರೀಕ್ಷೆಯ ರಿಪೋರ್ಟಿಗೆ ಸಹಿ ಹಾಕಿದೆ. ಸ್ಯಾಂಪಲ್ಲಿನ ಮೇಲಿನ ಹೆಸರೂ ರಿಪೋರ್ಟಿನ ಹೆಸರೂ ಒಂದೇ ತಾನೇ ಎಂದು ನೋಡುವುದು ನನ್ನ ಕೆಲಸ. ಹದಿನೇಳು ವರ್ಷದಲ್ಲಿ ಒಂದೂ ಅದಲುಬದಲಾಗಿಲ್ಲ.

ಮೇ ೩೦, ಶುಕ್ರವಾರ

ಕೊಂಡವರು ಬರೆದಿದ್ದಾರೆ. ಮನೆಗಲ್ಲವಂತೆ. ಆಕೆ ಒಂದು ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಾರೆ — ಮನೆಹೆಂಗಸರ ಕೈಕೆಲಸದ್ದೇ ಮ್ಯೂಸಿಯಂ. ಜುಲೈ ಹತ್ತಕ್ಕೆ ಹೊಸ ಕೋಣೆ ತೆರೆಯುತ್ತಾರೆ. ನಟ್ಟನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಈ ಟೇಬಲ್ ಕ್ಲಾತ್. "ಹೆಣೆದವರ ಬಗ್ಗೆ ನಾಲ್ಕು ಸಾಲು ಬರೆದುಕೊಡುತ್ತೀರಾ? ಇಂಥ ಹೆಂಗಸರ ಹೆಸರನ್ನು ಯಾರೂ ಉಳಿಸಲಿಲ್ಲ."

ಆಗಲೇ ನಿಜ ಹೇಳಬಹುದಿತ್ತು. ಹತ್ತು ನಿಮಿಷದಲ್ಲಿ ನಾಲ್ಕಲ್ಲ, ಹನ್ನೆರಡು ಸಾಲು ಬರೆದು ಕಳಿಸಿದೆ. ಮುತ್ತಜ್ಜಿ. ಚಿಕ್ಕ ವಯಸ್ಸಿಗೇ ವಿಧವೆ. ಕಿಟಕಿ ಪಕ್ಕದ ಕುರ್ಚಿ. ಕೊನೆಗಾಲದಲ್ಲಿ ಕಣ್ಣು ಹೋದರೂ ಬೆರಳಿನ ಅಂದಾಜಿನಲ್ಲೇ ಹೆಣೆಯುತ್ತಿದ್ದಳು. ೧೯೩೧ರ ಚಳಿಗಾಲದಲ್ಲಿ ತೀರಿಕೊಂಡಳು. ಚೆನ್ನಾಗಿ ಬಂದಿದೆ ಎನ್ನಿಸಿ ಮತ್ತೊಮ್ಮೆ ಓದಿಕೊಂಡೆ ಬೇರೆ.

ಕಿಟಕಿ ಪಕ್ಕದ ಕುರ್ಚಿ ಅಮ್ಮನದು. ಅದೊಂದೇ ನಿಜ.

ಜೂನ್ ೮, ಭಾನುವಾರ, ಸಂಜೆ

ಆಗಿಹೋಯಿತು.

ಮ್ಯೂಸಿಯಂನವರು ತಮ್ಮ ಪುಟದಲ್ಲಿ ನನ್ನ ಹನ್ನೆರಡು ಸಾಲನ್ನೂ ಹಾಕಿದ್ದಾರೆ. ಮಗಳ ಕಣ್ಣಿಗೆ ಬಿತ್ತು. ಕುಣಿದಾಡಿಕೊಂಡು ಅಮ್ಮನ ಹತ್ತಿರ ಓಡಿದಳು. "ಅಜ್ಜಿ, ಅಜ್ಜಿ, ನೀವು ಮ್ಯೂಸಿಯಂ ಸೇರಿಬಿಟ್ರಿ! ಇರಿ, ಓದಿ ಹೇಳ್ತೀನಿ."

ನಾನು ಅಡುಗೆಮನೆಯಲ್ಲಿದ್ದೆ. ಇಂಗ್ಲಿಷಿನ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತಿದ್ದಳು. ಮೂರನೆಯ ಸಾಲಿಗೆ ದನಿ ನಿಧಾನವಾಯಿತು. ಐದನೆಯದಕ್ಕೆ ನಿಂತಿತು.

"ಯಾಕೆ ನಿಲ್ಲಿಸಿದೆ? ಓದು ಪುಟ್ಟಿ."

"...ಆಮೇಲೆ, ಮೂವತ್ತೊಂದನೇ ಇಸವಿ ಚಳಿಗಾಲದಲ್ಲಿ... ತೀರಿಕೊಂಡ್ರು ಅಂತ ಇದೆ ಅಜ್ಜಿ."

ಒಗ್ಗರಣೆ ಸೀಯುತ್ತಿತ್ತು. ಗ್ಯಾಸ್ ಆರಿಸಲಿಲ್ಲ.

"ಹೌದಾ?" ಎಂದಳು ಅಮ್ಮ. "ಏನಾಗಿತ್ತಂತೆ ನಂಗೆ?"

"ಅದು ಬರೆದಿಲ್ಲ. ಕಣ್ಣು ಹೋಗಿತ್ತಂತೆ."

"ಅಯ್ಯೋ ಪಾಪ."

ಅಷ್ಟೇ. ಕ್ರೋಶಾ ಕಡ್ಡಿಯನ್ನು ದಾರದ ಉಂಡೆಗೆ ಚುಚ್ಚಿ ಡಬ್ಬಿಯಲ್ಲಿಟ್ಟಳು. ಮುಚ್ಚಳ ಹಾಕಿದ ಸದ್ದು ಅಡುಗೆಮನೆಗೂ ಕೇಳಿಸಿತು.

ಮಗಳು ಬಾಗಿಲಿಗೆ ಬಂದು ನಿಂತಳು. "ಅಮ್ಮ, ಇದನ್ನ ನೀನೇ ಬರೆದದ್ದಾ?" ಒಂದೇ ಒಂದು ಮಾರ್ಕ್ಸಿನ ಸುಳ್ಳಿಗೆ ಹೋದ ವರ್ಷ ಇದೇ ಬಾಗಿಲಲ್ಲಿ ಅವಳನ್ನು ಅಳಿಸಿದ್ದೆ.

ಜೂನ್ ೧೪, ಶನಿವಾರ

ಆರು ದಿನವಾಯಿತು. ಡಬ್ಬಿ ತೆಗೆದಿಲ್ಲ. ಕುರ್ಚಿಯಲ್ಲಿ ಕೂರುತ್ತಾಳೆ, ಮಡಿಲಲ್ಲಿ ಎರಡು ಕೈ. ಸುಮ್ಮನಿರುವ ಆ ಕೈಗಳನ್ನು ಈ ಮುಂಚೆ ನೋಡಿದ ನೆನಪೇ ಇಲ್ಲ.

ಇವತ್ತು ಎದುರಿಗೆ ಹೋಗಿ ಕೂತೆ. ಎಲ್ಲ ಹೇಳಿದೆ. ಟ್ರೇ, ಟೀ, ಉಪ್ಪು. ಮ್ಯೂಸಿಯಂನಾಕೆಗೆ ಬರೆದು ಒಪ್ಪಿಕೊಳ್ಳುತ್ತೇನೆ ಎಂದೆ.

"ಬೇಡ," ಎಂದಳು.

"ಯಾಕಮ್ಮಾ?"

"ಗಾಜಿನ ಪೆಟ್ಟಿಗೆಲಿ ಇಡ್ತಾರಂತಲ್ಲ. ಇಡಲಿ ಬಿಡು. ನಿಮ್ಮಪ್ಪ ಇದ್ದಷ್ಟು ದಿನ ಟೀಪಾಯಿ ಮೇಲೆ ಹಾಸೋಕೆ ಬಿಡಲಿಲ್ಲ. ಕಪ್ ಜಾರುತ್ತೆ ಅಂತ. ನೀನೂ ಅಷ್ಟೇ — ಯಾರಾದ್ರೂ ಬರ್ತಾರೆ ಅಂದ್ರೆ ಸೋಫಾ ಕವರ್ ತೆಗೆದು ಒಳಗಿಡ್ತೀಯ. ನೋಡಿಲ್ಲ ಅಂದ್ಕೊಂಡಿದೀಯಾ?" ದನಿಯಲ್ಲಿ ಸಿಟ್ಟಿರಲಿಲ್ಲ. "ಬದುಕಿರೋರ ಕೆಲಸ ಯಾರಿಗೂ ಬೇಡ ಕಣೇ. ಸತ್ತಿದ್ದಕ್ಕೇ ಗಾಜಿನ ಪೆಟ್ಟಿಗೆ ಸಿಕ್ಕಿದ್ರೆ, ಸತ್ತಿರ್ತೀನಿ. ನಂಗೇನು ನಷ್ಟ?"

ಸಮಾಧಾನವಾಯಿತು — ಒಪ್ಪಿಕೊಳ್ಳಬೇಕಾಗಿಲ್ಲವಲ್ಲ ಎಂದು. ಆ ಸಮಾಧಾನಕ್ಕೇ ಹೆಚ್ಚು ನಾಚಿಕೆ.

ಜೂನ್ ೧೭, ಮಂಗಳವಾರ

ಗಾಜಿನ ಪೆಟ್ಟಿಗೆಯ ಫೋಟೋ ಬಂದಿದೆ. ಕಪ್ಪು ಬಟ್ಟೆಯ ಮೇಲೆ ಹರಡಿದ್ದಾರೆ, ಮೇಲಿಂದ ದೀಪ. ಅದು ಅಷ್ಟು ಚೆಂದವಿತ್ತೆಂದು ನನಗೇ ಗೊತ್ತಿರಲಿಲ್ಲ. ಅಮ್ಮನಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದಳು. ಮತ್ತೆ ಒರೆಸಿಕೊಂಡಳು.

"ಉಲ್ಟಾ ಹಾಕಿದಾರೆ."

"ಅಂದ್ರೆ?"

"ಒಳಬದಿ ಮೇಲಿದೆ. ಸೀದಾ ಬದಿಲಿ ಹೆಣಿಗೆ ಜಡೆ ಥರ ಕಾಣ್ಬೇಕು. ಇಲ್ನೋಡು, ಬರೀ ಅಡ್ಡಗೆರೆ. ಅಂಚಿನ ಎಸಳೆಲ್ಲ ಮುಖ ಕೆಳಗೆ ಮಾಡ್ಕೊಂಡಿದೆ." ತಾನೇ ತಿರುಗಿಸಬಹುದೇನೋ ಎಂಬಂತೆ ಪರದೆಯ ಮೇಲೆ ಬೆರಳಾಡಿಸಿದಳು. "ಹೇಳು ಅವರಿಗೆ. ಈಗಲೇ ಹೇಳು. ಥೂ, ಊರೋರೆಲ್ಲ ಬಂದು ಬೆನ್ನು ನೋಡ್ಕೊಂಡು ಹೋಗೋದಾ?"

ಒಂದು ಸಾಲು ಬರೆದರೆ ಸಾಕಲ್ಲ. ಬರೆದೆ: ದಯವಿಟ್ಟು ತಿರುಗಿಸಿ ಹಾಕಿ, ಇನ್ನೊಂದು ಬದಿ ಮೇಲೆ ಬರಬೇಕು. ಕಳಿಸಿದೆ. ಹಗುರವಾಯಿತು.

ಜೂನ್ ೧೯, ಗುರುವಾರ

ಉತ್ತರ ಬಂತು. ಬಹಳ ವಿನಯದ ಪತ್ರ. ಅವರ ತಜ್ಞರು ಲೆನ್ಸ್ ಇಟ್ಟು ನೋಡಿದ್ದಾರಂತೆ. ಈಗ ಮೇಲಿರುವ ಬದಿಯೇ ಹೆಚ್ಚು ಕಂದು. ನೂರು ವರ್ಷ ಬೆಳಕು ಬಿದ್ದದ್ದು ಆ ಬದಿಗೇ. "ಹಾಗಾಗಿ, ಒಳಬದಿಯೇ ಮೇಲಿರಲಿ ಎಂದು ನಿಮ್ಮ ಮುತ್ತಜ್ಜಿ ಬಯಸಿದ್ದರು. ಹೆಣಿಗೆಯ ಬೆನ್ನನ್ನು ಹೆಮ್ಮೆಯಿಂದ ತೋರಿಸಿದ ಹೆಂಗಸು! ಇದನ್ನೂ ಕಾರ್ಡಿನಲ್ಲಿ ಸೇರಿಸುತ್ತಿದ್ದೇವೆ."

ಕಂದು ಬದಿ ಟ್ರೇಯ ತಳಕ್ಕೆ ತಾಗಿದ ಬದಿ. ಟೀ ಬ್ಯಾಗುಗಳೆಲ್ಲ ಕೆಳಗಿದ್ದವು.

ನನ್ನ ಎಂಟು ಟೀ ಬ್ಯಾಗಿನ ಮೇಲೆ ಓದಿದವರೆಲ್ಲ ಸೇರಿ ಒಂದು ಮುತ್ತಜ್ಜಿಯ ಬಯಕೆಯನ್ನೇ ಕಟ್ಟಿದ್ದಾರೆ. ಬೇರೆಯವರ ಮೋಸವಾಗಿದ್ದರೆ ನಗು ಬರುತ್ತಿತ್ತು. ಟೀ ವಿಷಯ ಹೇಳದೆ ಅದನ್ನು ಇನ್ನು ತಿರುಗಿಸಲು ಸಾಧ್ಯವಿಲ್ಲ.

ಅಮ್ಮನಿಗೆ ಓದಿ ಹೇಳಿದೆ.

"ಸತ್ತಿರೋಕೆ ಒಪ್ಪಿದ್ದೆ," ಎಂದಳು. "ಹೆಣಿಗೆ ಬಾರದೋಳು ಅನ್ನಿಸ್ಕೊಳ್ಳೋಕೆ ಒಪ್ಪಲ್ಲ. ಬರಿ."

"ಬರೆದ್ರೆ ಪೆಟ್ಟಿಗೆಯಿಂದ ತೆಗೆದುಬಿಡ್ತಾರಮ್ಮ."

"ತೆಗೀಲಿ. ಉಲ್ಟಾ ಮಲಗಿರೋದಕ್ಕಿಂತ ವಾಸಿ."

ಡಬ್ಬಿ ತೆಗೆದಳು.

ಜೂನ್ ೨೧, ಶನಿವಾರ

ಪತ್ರ ಮುಗಿಯಿತು. ಐದನೇ ಸಲ ಬರೆದದ್ದು. ಮೊದಲ ನಾಲ್ಕರಲ್ಲೂ ನನ್ನನ್ನು ನಾನೇ ಸ್ವಲ್ಪ ಕಾಪಾಡಿಕೊಂಡಿದ್ದೆ — ಅಮ್ಮನ ಸಂತೋಷಕ್ಕಾಗಿ, ಯಾರೂ ಕೊಳ್ಳಲಿಲ್ಲವಾದ್ದರಿಂದ, ಇತ್ಯಾದಿ. ಇದರಲ್ಲಿ ಇಲ್ಲ. ಟ್ರೇ, ಎಂಟು ಟೀ ಬ್ಯಾಗ್, ನಲವತ್ತು ನಿಮಿಷ. ಮುತ್ತಜ್ಜಿ ನನ್ನ ಕಟ್ಟುಕಥೆ. ದುಡ್ಡು ವಾಪಸ್ ಕಳಿಸುತ್ತಿದ್ದೇನೆ. ಉಳಿದ ಮೂವರಿಗೂ ಬರೆಯಬೇಕು, ಅದು ಬಾಕಿ.

ಈಮೇಲ್ ಕಳಿಸಿದ್ದರೆ ಸಾಕಿತ್ತು. ಅಮ್ಮ ಬಿಡಲಿಲ್ಲ. ಅಂಗೈಯಗಲದ ಒಂದು ಹೂವು ಹೆಣೆದಿದ್ದಾಳೆ, ಅದೇ ಅಂಚು, ಅಚ್ಚಬಿಳಿ ದಾರ. ಸೀದಾ ಬದಿಗೆ ಕೆಂಪು ದಾರದ ಒಂದು ಗಂಟು. "ಈ ಬದಿ ಮೇಲೆ ಅಂತ ಗೊತ್ತಾಗ್ಲಿ ಆ ಲೆನ್ಸಿನೋರಿಗೆ." ಕವರಿಗೆ ಹಾಕುವ ಮುಂಚೆ ನನ್ನ ಕೈಯಿಂದ ಕಿತ್ತುಕೊಂಡು ಇನ್ನೊಮ್ಮೆ ನೋಡಿದಳು. "ಇದನ್ನ ಅಡುಗೆಮನೆ ಕಡೆ ತಗೊಂಡ್ಹೋಗ್ಬೇಡ."

ಮಗಳು ನಕ್ಕಳು. ನಾನು ನಗಲಾರದೆ ಹೋದೆ. ಅಮ್ಮ ನನ್ನ ಮುಖ ನೋಡಿದಳು.

ಫಾರಂ ಮನೆಯಲ್ಲೇ ತುಂಬಿದೆ. ಒಳಗೇನಿದೆ: ಪತ್ರ, ಕ್ರೋಶಾ ಹೂವು. ಎಷ್ಟು ಹಳೆಯದು: ಎರಡು ದಿನ. ಹೆಣೆದವರು ಎಂದು ಕೇಳುವ ಜಾಗ ಅದರಲ್ಲಿಲ್ಲ. ಅಂಚಿನಲ್ಲಿ ನಾನೇ ಸೇರಿಸಿದೆ — ನನ್ನ ತಾಯಿ, ವಯಸ್ಸು ಎಪ್ಪತ್ತೊಂದು, ಬದುಕಿದ್ದಾರೆ.

ಇವತ್ತು ಕೌಂಟರ್ ಮುಚ್ಚಿತ್ತು. ನಾಳೆ ರಜೆ. ಪೋಸ್ಟ್ ಮಾಡುವುದು — ಸೋಮವಾರ, ಜೂನ್ ೨೩.